ಭವಿಷ್ಯ ಬೇಡ, ಚಿತ್ರ ಸಾಕು

ಮಾನ್ಯ ಸಂಪಾದಕರೇ,

ನಮಸ್ಕಾರ. ಎರಡು ವಾರದ ಹಿಂದೆ ನಿಮ್ಮ ಪತ್ರಿಕೆಯಲ್ಲಿ ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಂಬ ಚಿತ್ರದ ಕಾರ್ಡ್‌ಗಳ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆ ವರದಿ ಬಂದಿತ್ತು. ವಿಡಿಯೋ ಕಾಲ್‌ನಲ್ಲಿ ಕಾರ್ಡ್ ತೆಗೆದು, ‘ನಿಮಗೆ ಕೆಟ್ಟ ಕಾಲ ಶುರುವಾಗಿದೆ’ ಎಂದು ಹೆದರಿಸಿ, ಪರಿಹಾರ ಅಂತ ದುಡ್ಡು ಕೀಳುವವರ ಕಥೆ. ಓದಿ ಸಂಕಟವಾಯಿತು. ಆಮೇಲೆ ಓದುಗರ ಪತ್ರಗಳಲ್ಲಿ ಒಬ್ಬರು, ‘ಇವೆಲ್ಲ ಮಾಟದ ಸಾಮಾನು, ಮನೆಯೊಳಗೆ ಇಟ್ಟುಕೊಳ್ಳಲೇಬಾರದು’ ಎಂದು ಬರೆದಿದ್ದರು. ಮೋಸದ ಬಗ್ಗೆ ಅವರು ಹೇಳಿದ್ದೆಲ್ಲ ಸರಿ. ಆದರೆ ಅಂಥ ಕಾರ್ಡಿನ ಒಂದು ಕಟ್ಟು ನನ್ನ ಮನೆಯಲ್ಲಿ ನಾಲ್ಕು ವರ್ಷದಿಂದ ಇದೆ. ಹಳೇ ರವಿಕೆ ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟಿದ್ದೇನೆ. ಅದರಿಂದ ನನಗೆ ಒಳ್ಳೆಯದೇ ಆಗಿದೆ. ಅದನ್ನು ಹೇಳದೆ ಸುಮ್ನಿರಲು ಆಗುತ್ತಿಲ್ಲ.

ನಾನು ಗಣಿತದ ಟೀಚರ್. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿ 2022ರಲ್ಲಿ ನಿವೃತ್ತಳಾದೆ. ಈಗ ಕುಶಾಲನಗರದಲ್ಲಿದ್ದೇನೆ. ನಾನು ಹೇಳಬೇಕಾದ ಸಂಗತಿ ಶುರುವಾಗುವುದು 2003ರ ಸೆಪ್ಟೆಂಬರ್‌ನಲ್ಲಿ.

ನಮ್ಮ ಕಡೆ ಅದು ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಬೇಯಿಸುವ ಮನೆಗೆ, ಅಂದರೆ ಬ್ಯಾರನ್‌ಗೆ, ರಾತ್ರಿಯಿಡೀ ಸೌದೆ ಹಾಕುತ್ತಿರಬೇಕು. ಶಾಖ ಇಳಿದರೂ ಸೊಪ್ಪು ಕೆಡುತ್ತದೆ, ಏರಿದರೂ ಕೆಡುತ್ತದೆ. ಹಗಲು ಸೊಪ್ಪು ಮುರಿದು ಕಡ್ಡಿಗೆ ಕಟ್ಟಬೇಕು. ಮನೆಯವರೆಲ್ಲ ಕೈ ಹಾಕಿದರೇ ಆಗುವ ಕೆಲಸ, ಮಕ್ಕಳೂ ಸೇರಿ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಮೂರು ದಿನದಿಂದ ಹೋಂವರ್ಕ್ ಮಾಡಿರಲಿಲ್ಲ. ನಾಲ್ಕನೇ ದಿನ ಬೆಂಚಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನಾನು ಎಬ್ಬಿಸಿ, ನಿಲ್ಲಿಸಿ, ಇಡೀ ಕ್ಲಾಸಿನ ಎದುರು ಕೆನ್ನೆಗೆ ಹೊಡೆದೆ. ‘ಓದೋಕೆ ಬರ್ತೀಯಾ, ಮಲಗೋಕೆ ಬರ್ತೀಯಾ’ ಎಂದೆ. ಅವಳ ಅಂಗೈಯಲ್ಲಿ ಸೊಪ್ಪಿನ ಅಂಟು ಕಪ್ಪಗೆ ಮೆತ್ತಿಕೊಂಡಿತ್ತು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೂ ಹೊಡೆದೆ.

ಮಾರನೇ ದಿನ ಅವಳು ಬರಲಿಲ್ಲ. ದಸರಾ ರಜೆ ಮುಗಿದ ಮೇಲೂ ಬರಲಿಲ್ಲ. ಆಮೇಲೊಂದು ದಿನ ಟಿ.ಸಿ. ತೆಗೆದುಕೊಂಡು ಹೋದಳಂತೆ. ಅವಳ ಅವ್ವ ಮೈಸೂರಿನಲ್ಲಿ ಆಸ್ಪತ್ರೆ ಸೇರಿದ್ದರು, ರಾತ್ರಿ ಬ್ಯಾರನ್ ಉರಿ ನೋಡುತ್ತಿದ್ದವಳು ಇವಳೇ ಎಂದು ನನಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು.

ಮಕ್ಕಳನ್ನು ಹೊಡೆಯಬಾರದು ಎನ್ನುವ ಶಿಕ್ಷಣ ಹಕ್ಕು ಕಾಯ್ದೆ ಆಗಿನ್ನೂ ಬಂದಿರಲಿಲ್ಲ. ಏಟು ಎಲ್ಲ ಕಡೆ ಮಾಮೂಲಿ. ‘ಬಿಡಿ ಮೇಡಂ, ನಾವೆಲ್ಲ ಏಟು ತಿಂದೇ ಓದಿದ್ದು’ ಎಂದರು ಜೊತೆಯವರು. ಆ ಸಮಾಧಾನ ನನಗೆ ಹತ್ತಲಿಲ್ಲ. ಹೊಗೆಸೊಪ್ಪು ಬೇಯುವ ವಾಸನೆ ಗಾಳಿಯಲ್ಲಿ ಬಂದಾಗಲೆಲ್ಲ ಒಳಗಿಂದ ಒಂದು ದನಿ ಏಳುತ್ತಿತ್ತು: ನೀನೂ ಒಬ್ಬ ಟೀಚರಾ? ಹದಿನೇಳು ವರ್ಷ ಹೀಗೇ ಹೋಯಿತು. 2020ರಲ್ಲಿ ಶಾಲೆ ಮುಚ್ಚಿ ಮನೆಯಲ್ಲಿ ಕೂತಾಗ ಆ ದನಿ ಜಾಸ್ತಿಯಾಯಿತು. ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು. ಮಂಚದ ಮೇಲೆ ಎದ್ದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಾನು ಮೊದಲು ಹೋದದ್ದು ಡಾಕ್ಟರ ಹತ್ತಿರ. ಮನೋವೈದ್ಯರು ಕೊಟ್ಟ ಮಾತ್ರೆಯನ್ನು ಎಂಟು ತಿಂಗಳು ನುಂಗಿದೆ. ನಿದ್ದೆ ಬಂತು. ನಿದ್ದೆ ಬಂದಮೇಲಷ್ಟೇ ಉಳಿದದ್ದನ್ನು ನೋಡುವ ಶಕ್ತಿ ಬಂತು. ಈ ಪತ್ರ ಓದುವವರಲ್ಲಿ ಯಾರಿಗಾದರೂ ರಾತ್ರಿಗಳು ಹಾಗೆ ಹೋಗುತ್ತಿದ್ದರೆ ದಯವಿಟ್ಟು ಕಾರ್ಡ್ ಹುಡುಕಬೇಡಿ, ಡಾಕ್ಟರನ್ನು ನೋಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯವರು ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡಿಲ್ಲ, ಹಗಲೂ ರಾತ್ರಿಯೂ ಸಿಗುತ್ತದೆ.

ಕಾರ್ಡ್ ಬಂದದ್ದು 2021ರಲ್ಲಿ. ಬೆಂಗಳೂರಿನಲ್ಲಿರುವ ಮಗಳು ತರಿಸಿಕೊಂಡಿದ್ದಳು. ಅವಳ ಮನೆಯಲ್ಲಿದ್ದಾಗ ಒಂದು ಮಧ್ಯಾಹ್ನ ಸುಮ್ನೆ ಕಟ್ಟು ಬಿಚ್ಚಿ ನೋಡುತ್ತಾ ಹೋದೆ. ಒಟ್ಟು 78. ಎಲ್ಲದರ ಮೇಲೂ ಚಿತ್ರ. ನಡುವೆ ಒಂದು ಚಿತ್ರ ಬಂತು. ಕಪ್ಪು ಗೋಡೆ. ಅದರ ಮೇಲೆ ಒಂದರ ಕೆಳಗೊಂದು ಒಂಬತ್ತು ಕತ್ತಿ. ಕೆಳಗೆ ಮಂಚ. ಮಂಚದ ಮೇಲೆ ಎದ್ದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ ಒಂದು ಜೀವ. ನೈನ್ ಆಫ್ ಸ್ವೋರ್ಡ್ಸ್ ಎನ್ನುತ್ತಾರೆ ಆ ಕಾರ್ಡಿಗೆ. ನಾನು ಅದನ್ನು ಕೆಳಗಿಡಲಿಲ್ಲ. ‘ಪಾಪ’ ಎಂದೆ. ಬಾಯಿಂದ ತಾನಾಗಿ ಬಂತು. ಮೂರು ಗಂಟೆ ರಾತ್ರಿ ಅಷ್ಟೊಂದು ಸಲ ಹಾಗೇ ಕೂತಿದ್ದೇನೆ. ಒಂದು ಸಲವೂ ನನಗೆ ನಾನು ‘ಪಾಪ’ ಎಂದಿರಲಿಲ್ಲ. ಚಿತ್ರದಲ್ಲಿ ನೋಡಿದಾಗ ಬಂತು.

ಆಗ ಗಿಣಿಶಾಸ್ತ್ರದವನ ನೆನಪಾಯಿತು. ಚಿಕ್ಕವಳಿದ್ದಾಗ ಮಸಣಿಕಮ್ಮನ ಜಾತ್ರೆಯಲ್ಲಿ ಅವ್ವ ಅವನ ಮುಂದೆ ಕೂರುತ್ತಿದ್ದಳು. ಗಿಣಿ ಪಂಜರದಿಂದ ಬಂದು ಕೊಕ್ಕಿನಲ್ಲಿ ಒಂದು ಕಾರ್ಡ್ ಎಳೆಯುತ್ತಿತ್ತು. ಒಂದು ವರ್ಷ ಅಶೋಕವನದಲ್ಲಿ ಕೂತ ಸೀತೆಯ ಚಿತ್ರ ಬಂತು. ಅವನು ‘ಮೂರು ತಿಂಗಳಲ್ಲಿ ಕಷ್ಟ ಕಳೆಯುತ್ತೆ ತಾಯಿ’ ಅಂತ ಏನೇನೋ ಹೇಳುತ್ತಿದ್ದ. ಅವ್ವ ಅದನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಚಿತ್ರವನ್ನೇ ನೋಡುತ್ತಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ‘ನನ್ ಹಂಗೇ ಕೂತವ್ಳೆ’ ಎಂದಳು. ಅಷ್ಟು ಹೇಳಿ ಹಗುರವಾಗಿ ಎದ್ದು ಬಂದಳು. ಮೂರು ತಿಂಗಳಲ್ಲಿ ನಮ್ಮ ಕಷ್ಟವೇನೂ ಕಳೆಯಲಿಲ್ಲ. ಆದರೆ ಆ ದಿನ ಅವ್ವನಿಗೆ ಸಿಕ್ಕಿದ್ದು ಸುಳ್ಳಲ್ಲ.

ಟ್ಯಾರೋ ಕೂಡ ಹುಟ್ಟಿದ್ದು ಭವಿಷ್ಯಕ್ಕಲ್ಲ. 15ನೇ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಅದು ನಮ್ಮ ಇಸ್ಪೀಟಿನ ಹಾಗೆ ಆಡುವ ಎಲೆ. ಅದರಲ್ಲಿ ಭವಿಷ್ಯ ಹೇಳುವ ರೂಢಿ ಜೋರಾದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ನನ್ನ ಹತ್ತಿರ ಇರುವ ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಕಲಾವಿದೆ. 1909ರಲ್ಲಿ ಲಂಡನ್‌ನಲ್ಲಿ ಅಚ್ಚಾದವು. ಒಬ್ಬ ಹೆಣ್ಣುಮಗಳು ಬಣ್ಣದಲ್ಲಿ ಬರೆದ ಚಿತ್ರಗಳು. ಮಾಟ ಎಲ್ಲಿಂದ ಬರಬೇಕು?

ಚಿತ್ರದ ಜೊತೆಗೆ ನನಗೆ ನೆರವಾದದ್ದು ಬುದ್ಧನ ಮಾತು. ಕುಶಾಲನಗರದಿಂದ ಬೈಲುಕುಪ್ಪೆ ಐದಾರು ಕಿಲೋಮೀಟರ್. 1960ರ ಆಸುಪಾಸಿನಲ್ಲಿ ಟಿಬೆಟಿನವರು ಬಂದಾಗ ಅಲ್ಲೆಲ್ಲ ಕಾಡು, ಆನೆ ಓಡಾಡುವ ಜಾಗ ಎಂದು ಅಪ್ಪ ಹೇಳುತ್ತಿದ್ದರು. ನಮ್ದ್ರೋಲಿಂಗ್ ಮಠದ ಚಿನ್ನದ ಗುಡಿಗೆ ಭಾನುವಾರ ಫೋಟೋ ತೆಗೆಯುವವರ ಗುಂಪು. ನಾನು ವಾರದ ನಡುವೆ ಬೆಳಿಗ್ಗೆ ಹೋಗುತ್ತೇನೆ. 60 ಅಡಿ ಎತ್ತರದ ಬುದ್ಧನ ಮುಂದೆ ನೆಲದ ಮೇಲೆ ಕೂತರೆ ಯಾರೂ ಏನೂ ಕೇಳುವುದಿಲ್ಲ. ನಾನು ಧರ್ಮ ಬದಲಿಸಿದವಳಲ್ಲ. ನಮ್ಮ ಮನೆಯಲ್ಲಿ ಗೌರಿ, ಗಣೇಶ ಎಲ್ಲ ಇದೆ. ಆದರೆ ನನಗೆ ಬೇಕಾದ ಮಾತು ಅಲ್ಲಿಂದ ಸಿಕ್ಕಿತು.

ಅದು ಸಿಕ್ಕಿದ್ದು ಹೀಗೆ. ಮಗಳ ಮನೆಯಲ್ಲಿದ್ದಾಗ ಗಾಂಧಿನಗರದ ಮಹಾಬೋಧಿ ಸೊಸೈಟಿಗೆ ಕೆಲವು ಸಲ ಹೋದೆ. ಆಚಾರ್ಯ ಬುದ್ಧರಕ್ಖಿತ ಅವರು 1956ರಲ್ಲಿ ಕಟ್ಟಿದ ಸಂಸ್ಥೆ. ಅಲ್ಲಿ ಒಬ್ಬ ಭಂತೇಜಿ, ಅಂದರೆ ಬೌದ್ಧ ಭಿಕ್ಷು, ಮೆತ್ತಾ ಭಾವನೆ ಎಂಬ ಧ್ಯಾನ ಹೇಳಿಕೊಟ್ಟರು. ಮೆತ್ತಾ ಅಂದರೆ ಮೈತ್ರಿ. ಸುಮ್ಮನೆ ಕೂತು ಎಲ್ಲರ ಒಳಿತನ್ನು ಬಯಸುವುದು. ಅದು ನನಗೆ ಸುಲಭ ಅನ್ನಿಸಿತು. ಅವರು ‘ಮೊದಲು ನಿಮಗೆ ಬಯಸಿಕೊಳ್ಳಿ’ ಎಂದರು. ನಾನು ಕಣ್ಣು ಬಿಟ್ಟುಬಿಟ್ಟೆ. ಸ್ವಾರ್ಥ ಅನ್ನಿಸಿತು. ಅವರು ಹೇಳಿದರು, ಇದು ಹೊಸದಲ್ಲ, 5ನೇ ಶತಮಾನದಲ್ಲೇ ಬೌದ್ಧ ಪಂಡಿತ ಬುದ್ಧಘೋಷರು ವಿಸುದ್ಧಿಮಗ್ಗ ಎಂಬ ಗ್ರಂಥದಲ್ಲಿ ಇದೇ ಕ್ರಮ ಹೇಳಿದ್ದಾರೆ. ಮೊದಲು ನಾನು, ಆಮೇಲೆ ಗೌರವದವರು, ಪ್ರೀತಿಯವರು, ಆಮೇಲೆ ಗುರುತಿಲ್ಲದವರು, ಕೊನೆಗೆ ಆಗದವರು. ನನಗೆ ಸುಖ ಬೇಕು ಎಂದು ತಿಳಿದವನಿಗೆ ತಾನೇ ಇನ್ನೊಬ್ಬನಿಗೂ ಬೇಕು ಎಂದು ತಿಳಿಯುವುದು?

ಅದಕ್ಕೆ ಅವರು ಹೇಳಿದ ಕಥೆ ನನ್ನೊಳಗೆ ಉಳಿದುಬಿಟ್ಟಿದೆ. ಕೋಸಲದ ರಾಜ ಪಸೇನದಿ ಒಂದು ದಿನ ರಾಣಿ ಮಲ್ಲಿಕಾಳನ್ನು ಕೇಳುತ್ತಾನೆ: ನಿನಗೆ ನಿನಗಿಂತ ಪ್ರಿಯರಾದವರು ಯಾರಾದರೂ ಇದ್ದಾರಾ? ‘ನೀವೇ’ ಅನ್ನುತ್ತಾಳೆ ಎಂದುಕೊಂಡಿದ್ದನೋ ಏನೋ. ಅವಳು ‘ಇಲ್ಲ ಮಹಾರಾಜ’ ಎನ್ನುತ್ತಾಳೆ. ನಿಮಗೆ ಇದ್ದಾರಾ ಎಂದು ತಿರುಗಿ ಕೇಳುತ್ತಾಳೆ. ಅವನೂ ಇಲ್ಲ ಎನ್ನುತ್ತಾನೆ. ಬುದ್ಧನ ಹತ್ತಿರ ಹೋಗಿ ಹೇಳಿದಾಗ ಬುದ್ಧ ಬೈಯುವುದಿಲ್ಲ. ಯಾವ ದಿಕ್ಕಿನಲ್ಲಿ ಹುಡುಕಿದರೂ ತನಗಿಂತ ಪ್ರಿಯರಾದವರು ಸಿಗುವುದಿಲ್ಲ, ಬೇರೆಯವರಿಗೂ ಅವರವರ ಜೀವ ಅಷ್ಟೇ ಪ್ರಿಯ, ಆದ್ದರಿಂದ ತನ್ನನ್ನು ಪ್ರೀತಿಸುವವನು ಇನ್ನೊಬ್ಬರನ್ನು ನೋಯಿಸಬಾರದು ಎನ್ನುತ್ತಾನೆ. ನಾನು ಆ ಸೆಪ್ಟೆಂಬರಿನ ದಿನವನ್ನು ನೆನೆದೆ. ಆ ದಿನ ನಾನೂ ರಾತ್ರಿಯಿಡೀ ನಿದ್ದೆಗೆಟ್ಟಿದ್ದೆ. ಪೋರ್ಷನ್ ಮುಗಿದಿಲ್ಲ ಎಂದು ಹಿಂದಿನ ದಿನ ಮೀಟಿಂಗಿನಲ್ಲಿ ಎಲ್ಲರೆದುರು ಬೈಸಿಕೊಂಡಿದ್ದೆ. ನನ್ನ ದಣಿವು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವಳ ದಣಿವು ಹೇಗೆ ಬೀಳಬೇಕು?

ಇದು ನೆಪ ಅಲ್ಲ. ಹೊಡೆದದ್ದು ತಪ್ಪೇ. ತನ್ನ ಮೇಲೆ ಕರುಣೆ ಅಂದರೆ ತಪ್ಪು ಮುಚ್ಚಿಹಾಕುವುದು ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ನನ್ನ ಅನುಭವ ಉಲ್ಟಾ. ಹದಿನೇಳು ವರ್ಷ ನನ್ನನ್ನು ಬೈದುಕೊಂಡಿದ್ದೇನೆ, ಒಂದು ದಿನವೂ ಆ ಹುಡುಗಿಯನ್ನು ಹುಡುಕಿಕೊಂಡು ಹೋಗಲಿಲ್ಲ. ಬೈದುಕೊಳ್ಳುವುದರಲ್ಲೇ ಎಲ್ಲ ಶಕ್ತಿ ಮುಗಿಯುತ್ತಿತ್ತು. ಬುದ್ಧ ಇದನ್ನು ಎರಡು ಬಾಣ ಎನ್ನುತ್ತಾನೆ. ಮೊದಲನೆಯದು ತಗಲಿದ ನೋವು. ಎರಡನೆಯದು ಆ ನೋವಿಗೆ ನಾವೇ ಪಟ್ಟುಕೊಳ್ಳುವ ಸಂಕಟ. ಎರಡನೆಯದನ್ನು ನಾನು ದಿನಾ ನಾಟಿಕೊಳ್ಳುತ್ತಿದ್ದೆ.

1990ರಲ್ಲಿ ಧರ್ಮಶಾಲಾದಲ್ಲಿ ನಡೆದ ಒಂದು ಸಭೆಯಲ್ಲಿ ಅಮೆರಿಕದ ಧ್ಯಾನ ಶಿಕ್ಷಕಿ ಶ್ಯಾರನ್ ಸಾಲ್ಜ್‌ಬರ್ಗ್ ಅವರು ದಲೈ ಲಾಮಾರನ್ನು ‘ತನ್ನನ್ನು ತಾನೇ ದ್ವೇಷಿಸುವವರ ಬಗ್ಗೆ ಏನು ಹೇಳುತ್ತೀರಿ’ ಎಂದು ಕೇಳಿದರಂತೆ. ಅವರಿಗೆ ಪ್ರಶ್ನೆಯೇ ಅರ್ಥವಾಗದೆ, ಅನುವಾದಕರ ಜೊತೆ ಮಾತಾಡಿ, ಹಾಗಂದರೇನು ಎಂದು ತಿರುಗಿ ಕೇಳಿದರಂತೆ. ನಮಗೆ ಮಾತ್ರ ಅದು ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ? ಹಣೆ ಚಚ್ಚಿಕೊಳ್ಳುವುದು, ‘ನನ್ನ ಜನ್ಮಕ್ಕಿಷ್ಟು’ ಎನ್ನುವುದು ನಮ್ಮ ಮನೆಗಳಲ್ಲಿ ದಿನದ ಮಾತು.

ಮೆತ್ತಾ ಶುರುಮಾಡಿದಾಗ ನನಗೆ ಅಡ್ಡಬಂದದ್ದು ಭಾಷೆ. ಕನ್ನಡದಲ್ಲಿ ‘ಅವರು ಸುಖವಾಗಿರಲಿ’ ಎನ್ನುವುದು ಸಲೀಸು. ‘ನಾನು ಸುಖವಾಗಿರಲಿ’ ಎಂದರೆ ನಾಲಿಗೆ ತಡೆಯುತ್ತದೆ. ‘ನಾನು ಹೋಗಲಾ’ ಎನ್ನುವ ಹಾಗೆ, ಯಾರದೋ ಅಪ್ಪಣೆ ಕೇಳಿದಂತೆ ಕೇಳಿಸುತ್ತದೆ. ಎಷ್ಟು ದಿನ ಹೇಳಿದರೂ ಒಣ ಮಾತಾಗಿಯೇ ಉಳಿಯಿತು. ಆಮೇಲೆ ಒಂದು ಬೆಳಿಗ್ಗೆ ಕಾರ್ಡನ್ನು ಮುಂದಿಟ್ಟುಕೊಂಡು ಕೂತೆ. ಚಿತ್ರದಲ್ಲಿ ಮುಖ ಮುಚ್ಚಿ ಕೂತ ಜೀವಕ್ಕೆ ಹೇಳಿದೆ. ಅವ್ವ ಹೇಳುತ್ತಿದ್ದ ಮಾತೇ ಬಂತು: ‘ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ.’ ನನ್ನ ಕಣ್ಣು ತುಂಬಿತು. ಇದಕ್ಕೇ ಕಾರ್ಡ್ ಬೇಕಿತ್ತು ನನಗೆ. ‘ನಾನು’ ಎನ್ನಲು ಆಗದವಳಿಗೆ ‘ನೀನು’ ಎನ್ನಲು ಒಂದು ಮುಖ ಸಿಕ್ಕಿತು.

ಈಗ ದಿನಾ ಬೆಳಿಗ್ಗೆ ಐದೂವರೆಗೆ ಕೂರುತ್ತೇನೆ. ಐದು ನಿಮಿಷ ಉಸಿರು ನೋಡುತ್ತೇನೆ. ಕಾರ್ಡ್ ಕಲಸಿ ಒಂದು ತೆಗೆಯುತ್ತೇನೆ. ಅರ್ಥ ಹೇಳುವ ಪುಸ್ತಕ ತೆರೆಯುವುದಿಲ್ಲ. ಚಿತ್ರದಲ್ಲಿ ಏನಿದೆ, ಅದನ್ನು ನೋಡಿದಾಗ ನನ್ನ ಮೈಯಲ್ಲಿ ಎಲ್ಲಿ ಬಿಗಿಯಾಗುತ್ತದೆ, ಅಷ್ಟೇ. ಗಂಟಲೋ, ಎದೆಯೋ. ಆಮೇಲೆ, ನನ್ನ ಒಬ್ಬ ವಿದ್ಯಾರ್ಥಿನಿ ಇದೇ ಚಿತ್ರ ತಂದು ‘ಮೇಡಂ, ಇದು ನಾನು’ ಎಂದಿದ್ದರೆ ಏನು ಹೇಳುತ್ತಿದ್ದೆನೋ ಅದನ್ನು ಹೇಳುತ್ತೇನೆ. ಕೊನೆಗೆ ಹೊಟ್ಟೆ ತಣ್ಣಗಿರಲಿ ಎಂದು ನನಗೆ, ಮಗಳಿಗೆ, ಹಾಲು ಹಾಕುವವನಿಗೆ, ಮೀಟಿಂಗಿನಲ್ಲಿ ಬೈದವರಿಗೆ. ‘ಆಗುತ್ತಾ, ಬರುತ್ತಾ, ಯಾವಾಗ’ ಎಂದು ಕಾರ್ಡನ್ನು ಕೇಳುವುದಿಲ್ಲ. ಒಂದೆರಡು ಸಲ ಬಂದ ಚಿತ್ರ ಇಷ್ಟವಾಗದೆ ಇನ್ನೊಂದು ತೆಗೆಯೋಣ ಅನ್ನಿಸಿದ್ದುಂಟು. ಅಲ್ಲಿಂದಲೇ ಗಿಣಿಶಾಸ್ತ್ರ ಶುರುವಾಗುತ್ತದೆ. ಕಟ್ಟು ಮುಚ್ಚಿ ಎದ್ದುಬಿಡುತ್ತೇನೆ.

ಬುದ್ಧನ ಹೆಸರು ಹೇಳಿ ಕಾರ್ಡ್ ತೆಗೆಯುವುದು ಸರಿಯಾ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಬುದ್ಧನ ಉಪದೇಶಗಳ ಸಂಗ್ರಹವಾದ ದೀಘನಿಕಾಯದ ಮೊದಲ ಉಪದೇಶ ಬ್ರಹ್ಮಜಾಲ ಸುತ್ತದಲ್ಲಿ, ಮೈಮೇಲಿನ ಗುರುತು ನೋಡಿ ಹೇಳುವುದು, ಕನಸಿನ ಫಲ ಹೇಳುವುದು, ಶಕುನ ಹೇಳುವುದು ಇವುಗಳಿಂದ ಹೊಟ್ಟೆ ಹೊರೆಯುವುದನ್ನು ಕೀಳು ವಿದ್ಯೆ ಎಂದು ಪಟ್ಟಿ ಮಾಡಿ ಹೇಳಿದೆ. ಆದ್ದರಿಂದ ನಾನು ಯಾರಿಗೂ ಕಾರ್ಡ್ ಓದಿ ಹೇಳುವುದಿಲ್ಲ. ಒಂದು ರೂಪಾಯಿ ಮುಟ್ಟುವುದಿಲ್ಲ. ಎದುರುಮನೆ ಅಕ್ಕ ಮಾತ್ರ ಆಗಾಗ ಬಂದು ಜೊತೆಗೆ ಕೂರುತ್ತಾರೆ. ಅವರ ಯಜಮಾನರಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಒಂದು ದಿನ ಅವರ ಕೈಗೆ ಸ್ಟ್ರೆಂತ್ ಎನ್ನುವ ಕಾರ್ಡ್ ಬಂತು. ಬಿಳಿ ಬಟ್ಟೆಯ ಹೆಂಗಸು ಬಗ್ಗಿ ಸಿಂಹದ ಬಾಯಿಗೆ ಕೈಯಿಟ್ಟಿರುವ ಚಿತ್ರ. ಅಕ್ಕ ಬಹಳ ಹೊತ್ತು ನೋಡಿದರು. ‘ಸಿಂಹನೂ ನಾನೇ. ನಂಗೆ ಅವರ ಮೇಲೆ ಎಷ್ಟು ಸಿಟ್ಟು ಬರುತ್ತೆ ಅಂತ ಯಾರಿಗೂ ಹೇಳಿಲ್ಲ’ ಎಂದರು. ನಾನು ಏನೂ ಹೇಳಲಿಲ್ಲ. ಇಬ್ಬರೂ ಕಾಫಿ ಕುಡಿದೆವು.

2023ರಲ್ಲಿ ನಾನು ಆ ಹುಡುಗಿಯನ್ನು ಹುಡುಕಿಕೊಂಡು ಹೋದೆ. ಹುಡುಗಿ ಎನ್ನುತ್ತಿದ್ದೇನೆ, ಅವಳಿಗೆ ಈಗ ಇಬ್ಬರು ಮಕ್ಕಳು. ಒಂದು ಊರಿನಲ್ಲಿ ಸಣ್ಣ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ತಪ್ಪಾಯ್ತಮ್ಮ ಎಂದೆ. ಅವಳು ಮಿಷನ್ ನಿಲ್ಲಿಸಿ ನನ್ನನ್ನು ನೋಡಿದಳು. ‘ಏಟು ನೆನಪಿದೆ ಮೇಡಂ. ಅದಲ್ಲ. ಟಿ.ಸಿ.ಗೆ ಬಂದ ದಿನ ನೀವು ಸ್ಟಾಫ್ ರೂಮಲ್ಲಿ ಪೇಪರ್ ತಿದ್ದುತ್ತಾ ಇದ್ರಿ. ಬಾಗಿಲಲ್ಲೇ ನಿಂತಿದ್ದೆ. ನೀವು ತಲೆ ಎತ್ತಿ ಬಾ ಅಂದಿದ್ರೆ ಟಿ.ಸಿ. ಬೇಡ ಅಂತಿದ್ದೆ. ನೀವು ಎತ್ತಲಿಲ್ಲ’ ಎಂದಳು.

ನನಗೆ ಆ ದಿನದ ನೆನಪೇ ಇಲ್ಲ. ಇಷ್ಟು ವರ್ಷ ನಾನು ಹೊತ್ತುಕೊಂಡಿದ್ದ ತಪ್ಪು ಒಂದು, ಅವಳು ಹೊತ್ತಿದ್ದ ನೋವು ಇನ್ನೊಂದು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಟೀ ತರಿಸಿದಳು. ಅವಳ ಮಗಳು ಎಂಟನೇ ಕ್ಲಾಸ್, ಬೀಜಗಣಿತ ಹತ್ತುವುದಿಲ್ಲವಂತೆ. ಈಗ ಶನಿವಾರ ಬಸ್ಸಿನಲ್ಲಿ ಹೋಗಿ ಹೇಳಿಕೊಟ್ಟು ಬರುತ್ತೇನೆ.

ಅವಳನ್ನು ಕಂಡುಬಂದ ಮಾರನೇ ಬೆಳಿಗ್ಗೆ ಹಳೇ ದನಿ ಎದ್ದು ಕೂತಿತ್ತು, ಮೊದಲಿಗಿಂತ ಜೋರಾಗಿ. ಆ ದಿನ ಕಾರ್ಡ್ ಕಲಸಲಿಲ್ಲ. ಹುಡುಕಿ ಆ ಒಂಬತ್ತು ಕತ್ತಿಯ ಚಿತ್ರವನ್ನೇ ತೆಗೆದೆ. ಎರಡು ವರ್ಷದಿಂದ ನೋಡುತ್ತಿದ್ದ ಚಿತ್ರ. ಕತ್ತಿಗಳನ್ನೇ ನೋಡಿದ್ದೆ, ಮುಚ್ಚಿದ ಮುಖವನ್ನೇ ನೋಡಿದ್ದೆ. ಕಾಲಮೇಲಿನ ಹೊದಿಕೆ ನೋಡಿರಲಿಲ್ಲ. ನಮ್ಮ ಕೌದಿಯ ಹಾಗೆ ಚೌಕ ಚೌಕ. ಒಂದು ಬಿಟ್ಟು ಒಂದು ಚೌಕದಲ್ಲಿ ಗುಲಾಬಿ ಹೂ. ಅಂಥ ರಾತ್ರಿಯಲ್ಲೂ ಆ ಜೀವದ ಕಾಲು ಬೆಚ್ಚಗಿದೆ. ಅದನ್ನೇ ನೋಡುತ್ತಾ ಬಹಳ ಹೊತ್ತು ಕೂತೆ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ನಿಮ್ಮ ಭಾನುವಾರದ ಪುಟದಲ್ಲಿ ಟ್ಯಾರೋ ವಾರಭವಿಷ್ಯ ಬರುತ್ತದೆ. ‘ಈ ವಾರ ಧನಲಾಭ, ಹಿತಶತ್ರುಗಳ ಬಗ್ಗೆ ಎಚ್ಚರ.’ ಮುಂದಿನ ಪುಟದಲ್ಲೇ ಟ್ಯಾರೋ ಮೋಸದ ವರದಿ ಬಂದರೆ ಓದುಗ ಯಾವುದನ್ನು ನಂಬಬೇಕು? ಆ ಜಾಗದಲ್ಲಿ ವಾರಕ್ಕೊಂದು ಚಿತ್ರ ಹಾಕಿ. ಟ್ಯಾರೋ ಚಿತ್ರವೇ ಆಗಬೇಕೆಂದಿಲ್ಲ. ನಮ್ಮ ಚಿತ್ರಕಾರರು ಬರೆದ ಒಂದು ಬಾವಿಕಟ್ಟೆ, ಒಂದು ಬಸ್ ಸ್ಟ್ಯಾಂಡ್, ಮಳೆಯಲ್ಲಿ ನಿಂತ ಒಬ್ಬಳು. ಅದರ ಕೆಳಗೆ ಒಂದೇ ಪ್ರಶ್ನೆ: ಇದರಲ್ಲಿರುವವರಿಗೆ ನೀವು ಏನು ಹೇಳುತ್ತೀರಿ? ಉತ್ತರ ಅಚ್ಚು ಹಾಕಬೇಡಿ.

ಪತ್ರ ಪ್ರಕಟಿಸುವುದಾದರೆ ನನ್ನ ಹೆಸರು ಬೇಡ. ನನಗೆ ಮುಜುಗರ ಎಂದಲ್ಲ. ಹೆಸರು ನೋಡಿದರೆ ನಮ್ಮ ಕಡೆಯವರಿಗೆ ಆ ಹುಡುಗಿ ಯಾರೆಂದು ತಿಳಿದುಬಿಡುತ್ತದೆ. ಈ ಪತ್ರವನ್ನು ಕಳಿಸುವ ಮೊದಲು ಅವಳಿಗೆ ಓದಿ ಹೇಳಿದ್ದೇನೆ. ‘ಟಿ.ಸಿ. ವಿಷಯ ಬಿಡಬೇಡಿ ಮೇಡಂ’ ಎಂದಳು. ಬಿಟ್ಟಿಲ್ಲ.

ಇಂತಿ,
ನಿವೃತ್ತ ಗಣಿತ ಶಿಕ್ಷಕಿ
ಕುಶಾಲನಗರ